ಎರಡು ಬೆರಳುದ್ದ

ಜಲಸಂಧಿಯ ಗಾಳಿ ಇವತ್ತೂ
ಅಂಗಡಿಯ ಬಾಗಿಲನ್ನು ನನಗಿಂತ ಮೊದಲೇ ತಳ್ಳಿತು.
ಪುಂತಾ ಅರೇನಾಸಿನಲ್ಲಿ ಟೋಪಿಯಿಟ್ಟವರೆಲ್ಲ
ಒಂದು ಕೈ ತಲೆಯ ಮೇಲಿಟ್ಟೇ ನಡೆಯುತ್ತಾರೆ.
ಇಪ್ಪತ್ತಾರು ವರ್ಷವಾಯಿತು, ಈ ಔಷಧದಂಗಡಿಯ ಗಲ್ಲಾದ ಹಿಂದೆ
ನಾನು, ಮಿರ್ತಾ, ಊರಿನ ಚರ್ಮ ಓದುತ್ತ.

ಮೊದಲು ಬಂದವಳು ಯಾಸ್ನಾ.
ಶಾಲೆಯ ಬೀಳ್ಕೊಡುಗೆ ಕುಣಿತಕ್ಕೆ ಇನ್ನು ಒಂಬತ್ತೇ ದಿನ.
ಮೂಗಿನ ಮೊಡವೆಗೆ ಟೂತ್‌ಪೇಸ್ಟು, ಕೆನ್ನೆಗೆ ನಿಂಬೆರಸ,
ಮೇಲಿಂದ ಅಡುಗೆ ಸೋಡ.
"ಉರಿದರೆ ಕೆಲಸ ಮಾಡ್ತಿದೆ ಅಂತ" ಎಂದಳಂತೆ ಚಿಕ್ಕಮ್ಮ.
ಉರಿ ಅಂದರೆ ಉರಿ, ಮಗಳೇ.
ಒಲೆ ಮುಟ್ಟಿ ಬೊಬ್ಬೆ ಎದ್ದವರು
ಸದ್ಯ, ಕೆಲಸ ಮಾಡಿತು ಅನ್ನುತ್ತಾರೆಯೇ?
"ಆದರೆ ಇದು ನೈಸರ್ಗಿಕ!"
ತುರಿಕೆಸೊಪ್ಪೂ ನೈಸರ್ಗಿಕವೇ.
ಹುಳಿಯನ್ನು ಮೀನಿಗೆ ಬಿಡು.

ಆವಿ ಹಿಡಿದರೆ ರಂಧ್ರ ತೆರೆಯುತ್ತವೆ,
ತಣ್ಣೀರಿಗೆ ಮುಚ್ಚುತ್ತವೆ ಎಂದಳು.
ಅವಕ್ಕೇನು ಕದವೇ, ಚಿಲಕವೇ?
ಅವಳ ಬೆನ್ನ ಹಿಂದೆ ನಮ್ಮ ಬಾಗಿಲು ಬಡಿದುಕೊಳ್ಳುತ್ತಲೇ ಇತ್ತು.
ಮೆದು ಸೋಪು ಕೊಟ್ಟೆ, ವಾಸನೆಯಿಲ್ಲದ ಮುಲಾಮು ಕೊಟ್ಟೆ,
ಚಿವುಟಬೇಡ ಎಂದೆ.
ಮೊಡವೆಯ ಮದ್ದು ಬೇರೆ ಇದೆ,
ಆದರೆ ಉರಿ ಆರಲಿ ಮೊದಲು.
ಕುಣಿತದ ಹೊತ್ತಿಗೆ? ಕೇಳಿದಳು.
ಸುಳ್ಳು ಹೇಳಲಾಗಲಿಲ್ಲ. ಮದ್ದಿಗೂ ಎರಡು ಮೂರು ತಿಂಗಳು, ಎಂದೆ.
ಅತ್ತಳು. ಉಪ್ಪು ತಾಗಿ ಮತ್ತೆ ಉರಿಯಿತು ಪಾಪ.

ದೋನ್ಯಾ ಎರ್ನೆಸ್ತಿನಾ ಬರುವುದು ಪಿಂಚಣಿಯ ದಿನ.
ಚಿನ್ನದ ಮುಚ್ಚಳದ ಭರಣಿ ಬೇಕು ಅವಳಿಗೆ,
ಮೂರು ಲೀಟರು ನೀರು ಕುಡಿದರೂ ಸುಕ್ಕು ಹೋಗಲಿಲ್ಲವಂತೆ,
ರಾತ್ರಿಯಿಡೀ ಬಚ್ಚಲಿಗೆ ಓಡಾಡಿದ್ದೇ ಬಂತಂತೆ.
ಗಂಟಲಿನ ದಾಹ ಬೇರೆ, ಅಮ್ಮ,
ಗಾಳಿ ಕದ್ದ ಕೆನ್ನೆಯ ಪಸೆ ಬೇರೆ.
ಭರಣಿ ತಿರುಗಿಸಿ ಸಣ್ಣಕ್ಷರ ಓದಿ ಹೇಳಿದೆ:
ನೀರು, ಗ್ಲಿಸರಿನ್, ಸುಗಂಧ.
ಕೆಳಗಿನ ಹಲಗೆಯ ದೊಡ್ಡ ಬಾಟಲಿಯಲ್ಲೂ
ಅದೇ ನೀರು, ಅದೇ ಗ್ಲಿಸರಿನ್. ಸುಗಂಧವೊಂದಿಲ್ಲ, ಅಷ್ಟೇ.
ಸ್ನಾನದ ಹಸಿ ಆರುವ ಮುನ್ನ ಹಚ್ಚಿಕೋ.
ಅಂಗಡಿಯ ಯಜಮಾನರು ಒಳಗಿಂದ ಕೆಮ್ಮಿದರು.
ಕೆಮ್ಮಲಿ.
ಒಂದು ಕಾಲಕ್ಕೆ ಅದೇ ಭರಣಿ ಮಾರಿ ಬಂದ ಕಮಿಷನ್ನಿನಲ್ಲಿ
ಮಗನಿಗೆ ಬೂಟು ಕೊಂಡವಳು ನಾನೂ.
ಆ ಬೂಟು ಬೇಗ ಸವೆಯಿತು.

ಇನ್ನು ಎಲಿಯೊದೋರೊ.
ಏಡಿ ಹಿಡಿಯುವವನು, ಮಾತು ಕಡಿಮೆ.
ಈಸ್ಟರಿನಿಂದ ಮಾಯದ ಹಕ್ಕಳೆ ಎಡಗಿವಿಯ ಅಂಚಿನಲ್ಲಿ.
"ಉಪ್ಪುನೀರು," ಎಂದ. "ಮುಲಾಮು ಕೊಡು."
ಬಿಸಿಲು ಎಂದೆ. ನಕ್ಕ.
"ಇಲ್ಲಿ? ಬಿಸಿಲು? ನನ್ನ ಚರ್ಮ ನೋಡು, ತೊಗಲು."
ಹೊರಗೆ ಮೋಡ, ತಗಡಿನ ಮಾಡಿನ ಬಣ್ಣ.
ಮೋಡ ಜರಡಿಯಪ್ಪಾ, ಗೋಡೆಯಲ್ಲ;
ನಮ್ಮ ನೆತ್ತಿಯ ಮೇಲಿನ ಓಝೋನೂ
ವಸಂತಕ್ಕೆ ತೇಪೆ ಬಿಚ್ಚಿದ ಅಂಗಿ.
ದೋಣಿಗೆ ತುಕ್ಕು ಹಿಡಿದ ಮೇಲೆ ಬಣ್ಣ ಬಳಿಯುತ್ತೀಯೋ, ಮೊದಲೋ?
ಅದಕ್ಕೆ ಅವನಲ್ಲಿ ಉತ್ತರವಿತ್ತು, ಹೇಳಲಿಲ್ಲ.
ಮುಲಾಮು ಕೊಡಲಿಲ್ಲ ನಾನು.
ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ
ಆಸ್ಪತ್ರೆಯವರೆಗೆ ಅವನ ಪಕ್ಕದಲ್ಲೇ ನಡೆದೆ,
ಇಬ್ಬರ ಕೈಯೂ ಇಬ್ಬರ ಟೋಪಿಯ ಮೇಲೆ.

ಎಂಟು ವಾರ ಬಿಟ್ಟು ಬಂದ.
ಕಿವಿ ಇಲಿ ಕಡಿದ ರೊಟ್ಟಿ.
ಬೇಗ ಬಂದಿದ್ದಕ್ಕೆ ಇಷ್ಟರಲ್ಲೇ ಮುಗಿಯಿತಂತೆ.
"ಆ ಬಿಳೀದು ಕೊಡು" ಎಂದ. "ಎಷ್ಟು ಹಚ್ಚಬೇಕು?"
ಎರಡು ಬೆರಳುದ್ದ, ಮುಖಕ್ಕೂ ಕತ್ತಿಗೂ,
ಮೋಡವಿದ್ದರೂ. ಎರಡು ಗಂಟೆಗೆ ಮತ್ತೆ.
ಅಲ್ಲೇ ನಿಂತು, ದೋಣಿಯ ಹೊಟ್ಟೆಗೆ ಬಳಿಯುವಂತೆ ಬಳಿದುಕೊಂಡ;
ಸುಕ್ಕುಗಳಲ್ಲಿ ಬೆಳ್ಳಗೆ ಗೆರೆ ನಿಂತವು,
ಸಾಲಾಗಿ ಕೂತ ಕಡಲಹಕ್ಕಿಗಳು.
ಕಿವಿ ಮಾತ್ರ ಮರೆತ.
ಗಲ್ಲಾದ ಮೇಲಿಂದ ಬಾಗಿ
ಉಳಿದ ಅಂಚಿಗೆ ನಾನೇ ಸವರಿದೆ.
"ತಣ್ಣಗಿದೆ," ಎಂದ,
ಚಿಲ್ಲರೆ ಎಣಿಸಿಟ್ಟು ಗಾಳಿಗೆ ಹೊರಟ.